ಆ 20 ಡಿಗ್ರಿ ಎಲ್ಲಿಂದ ಬಂತು?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ನಮ್ಮ ಕಾರ್ಯದರ್ಶಿಗಳು ಫೋನ್ ಮಾಡಿ, "ಆರೋಗ್ಯದ ಬಗ್ಗೆ ಅರ್ಧ ಗಂಟೆ ಮಾತಾಡ್ತೀರಾ?" ಅಂತ ಕೇಳಿದಾಗ ನನಗೆ ನಗು ಬಂತು. ನಾನು ಡಾಕ್ಟರ್ ಅಲ್ಲ, ಇಲ್ಲೇ ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಎಂ.ಟೆಕ್ ಮಾಡುವಾಗ ಇಮೇಜ್ ಪ್ರೊಸೆಸಿಂಗ್ ಓದಿದ್ದೆ ಅನ್ನುವುದು ಬಿಟ್ಟರೆ ಎಕ್ಸ್-ರೇಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಅವರು ಬಿಡಲಿಲ್ಲ. "ನಿಮ್ಮ ತಾಯಿಯವರ ಬೆನ್ನಿನ ವಿಷಯ ಅವತ್ತು ಹೇಳಿದ್ರಲ್ಲ, ಅದನ್ನೇ ಎಲ್ಲರಿಗೂ ಹೇಳಿ" ಅಂದರು. ಹಾಗಾಗಿ ಇವತ್ತು ನಿಮ್ಮ ಮುಂದೆ ನಿಂತಿರುವುದು ತಜ್ಞಳಾಗಿ ಅಲ್ಲ, ಒಂದು ತಪ್ಪು ಮಾಡಿ ಅದರಿಂದ ಸ್ವಲ್ಪ ಕಲಿತ ಮಗಳಾಗಿ.

ನಮ್ಮ ಅವ್ವ ಹುಬ್ಬಳ್ಳಿಯವಳು. ವಯಸ್ಸು 61. ಎರಡು ವರ್ಷದ ಹಿಂದೆ ರಾತ್ರಿ ಬಸ್ಸಿನಲ್ಲಿ ನಮ್ಮ ಮನೆಗೆ ಹೊರಟಿದ್ದಳು. ಸೀಟು ಸಿಕ್ಕದ್ದು ಕಟ್ಟಕಡೆಯ ಸಾಲಿನಲ್ಲಿ. ಕೊಲ್ಹಾಪುರ ದಾಟಿದ ಮೇಲೆ ಎಲ್ಲೋ ಒಂದು ರೋಡ್ ಹಂಪನ್ನು ಬಸ್ಸು ವೇಗ ತಗ್ಗಿಸದೇ ಹಾರಿಸಿತು. ಅರ್ಧ ನಿದ್ದೆಯಲ್ಲಿದ್ದ ಅವ್ವ ಸೀಟಿನಿಂದ ಮೇಲಕ್ಕೆ ಎದ್ದು, ಧಪ್ಪನೆ ಕುಂಡೆ ಊರಿ ಬಿದ್ದಳು. ಬೆಳಿಗ್ಗೆ ಅವಳನ್ನು ಇಳಿಸಿಕೊಳ್ಳಲು ಹೋದರೆ, "ನೆಟ್ಟಗ ನಿಂದ್ರಾಕ ಆಗವಲ್ದು ನೋಡವಾ, ನಡಾ ಹಿಡದೈತಿ" ಅಂದಳು. ಬಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತದ್ದಕ್ಕೆ ನಡ ಹಿಡಿದಿದೆ ಅಂತಲೇ ನಾವೂ ಅಂದುಕೊಂಡೆವು. ಮಧ್ಯಾಹ್ನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೊತ್ತಾಯಿತು, ಬೆನ್ನುಮೂಳೆಯ ಒಂದು ಮಣಿ ಮುರಿದಿದೆ.

ಇದು ಅಪರೂಪದ ಅಪಘಾತ ಅಲ್ಲವಂತೆ. ಹಂಪಿನ ಮೇಲೆ ಬಸ್ಸು ಹಾರಿ, ಹಿಂದಿನ ಸೀಟಿನಲ್ಲಿ ಕೂತವರ ಬೆನ್ನು ಮುರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲೇ ಬಂದಿವೆ. ಕೊನೆಯ ಸಾಲು ಹಿಂದಿನ ಗಾಲಿಗಿಂತಲೂ ಹಿಂದೆ ಇರುತ್ತದೆ. ಹಾಗಾಗಿ ಗಾಲಿ ಒಂದು ಗೇಣು ಎದ್ದರೆ ಆ ಸೀಟು ಅದಕ್ಕಿಂತ ಹೆಚ್ಚು ಏಳುತ್ತದೆ. ನಮ್ಮಲ್ಲಿ ಎಷ್ಟೋ ಜನ ಊರಿಂದ ಅಪ್ಪ-ಅಮ್ಮನನ್ನು ಬಸ್ಸಿನಲ್ಲಿ ಕರೆಸಿಕೊಳ್ಳುತ್ತೇವೆ. ಟಿಕೆಟ್ ಮಾಡುವಾಗ ಕೊನೆಯ ಸಾಲು ಮಾತ್ರ ಬೇಡ. ಇವತ್ತಿನ ಮಾತಿನಲ್ಲಿ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿಟ್ಟುಕೊಳ್ಳಿ.

ನಮ್ಮ ಬೆನ್ನುಮೂಳೆಯಲ್ಲಿ ಕುತ್ತಿಗೆಗೆ 7, ಎದೆಯ ಹಿಂದೆ 12, ಸೊಂಟಕ್ಕೆ 5 ಮಣಿಗಳು. ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ಮೂಳೆಗಳು. ಇಲ್ಲಿ ಮರಾಠಿಯವರು 'ಮಣಕಾ' ಅನ್ನುತ್ತಾರಲ್ಲ, ಅದೇ ಮಣಿ. ಎದೆಯ ಭಾಗದ ಮಣಿಗಳಿಗೆ ಪಕ್ಕೆಲುಬುಗಳ ಆಸರೆ ಇದೆ, ಅವು ಹೆಚ್ಚು ಅಲುಗಾಡುವುದಿಲ್ಲ. ಸೊಂಟದ ಮಣಿಗಳು ಚೆನ್ನಾಗಿ ಬಾಗುತ್ತವೆ. ಬಿಗಿಯಾದ ಭಾಗ ಮುಗಿದು ಸಡಿಲ ಭಾಗ ಶುರುವಾಗುವ ಸಂದಿಯಲ್ಲೇ ಪೆಟ್ಟು ಹೆಚ್ಚು ಬೀಳುತ್ತದೆ. ಎದೆಯ ಕೊನೆಯ ಮಣಿ ಟಿ12, ಸೊಂಟದ ಮೊದಲ ಮಣಿ ಎಲ್1. ಅವ್ವನದು ಎಲ್1. ಮಣಿಯ ಮುಂಭಾಗ ಕುಸಿದು, ಹಿಂಭಾಗ ಹಾಗೇ ಉಳಿದು, ಬಾಗಿಲಿಗೆ ಇಡುವ ಬೆಣೆಯ ಆಕಾರಕ್ಕೆ ಬಂದಿತ್ತು. ಕಾಲಿನ ಶಕ್ತಿ, ಸ್ಪರ್ಶ, ಮೂತ್ರದ ಹಿಡಿತ ಎಲ್ಲ ಸರಿ ಇತ್ತು. ಸಿಟಿ ಸ್ಕ್ಯಾನ್, ಎಂಆರ್‌ಐ ಮಾಡಿದರು. "ಆಪರೇಷನ್ ಬೇಡ, ಬೆಲ್ಟ್ ಹಾಕಿ ನಡೆಸೋಣ, ಆರು ವಾರಕ್ಕೆ ಮತ್ತೆ ಎಕ್ಸ್-ರೇ ನೋಡೋಣ" ಅಂದರು ಸರ್ಜನ್.

ಈಗ ನನ್ನ ತಪ್ಪಿನ ಕತೆ.

ಮೊದಲ ದಿನದ ರಿಪೋರ್ಟಿನಲ್ಲಿ '14 ಡಿಗ್ರಿ' ಅಂತ ಇತ್ತು. ಆರು ವಾರದ ಎಕ್ಸ್-ರೇಯನ್ನು ಮನೆಗೆ ಹತ್ತಿರ ಅಂತ ಬೇರೆ ಸೆಂಟರಿನಲ್ಲಿ ಮಾಡಿಸಿದೆವು. ಅದರಲ್ಲಿ '20 ಡಿಗ್ರಿ' ಅಂತ ಬಂತು. ಸರ್ಜನ್ ಊರಲ್ಲಿರಲಿಲ್ಲ, ಅಪಾಯಿಂಟ್‌ಮೆಂಟ್ ಎರಡು ವಾರದ ನಂತರ. ನನಗೆ ತಡೆಯಲಾಗಲಿಲ್ಲ. ಎಕ್ಸೆಲ್ ತೆಗೆದೆ. ಎರಡು ಬಿಂದು ಹಾಕಿ ಒಂದು ಗೆರೆ ಎಳೆದೆ. ಆರು ವಾರಕ್ಕೆ ಆರು ಡಿಗ್ರಿ, ಅಂದರೆ ವಾರಕ್ಕೊಂದು ಡಿಗ್ರಿ. ಇದೇ ಲೆಕ್ಕದಲ್ಲಿ ಆರು ತಿಂಗಳಿಗೆ 40 ಡಿಗ್ರಿ! ಆ ಗ್ರಾಫನ್ನು ಕೆಂಪು ಗೆರೆ ಸಮೇತ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಹುಬ್ಬಳ್ಳಿಯಿಂದ ಅಣ್ಣ ಹತ್ತು ನಿಮಿಷದಲ್ಲಿ ಫೋನ್ ಮಾಡಿದ. "ತಡಾ ಮಾಡೋದು ಬ್ಯಾಡ, ಇಲ್ಲಿಗೆ ಕರಕೊಂಡ್ ಬಾ, ಆಪರೇಷನ್ ಮಾಡಿಸಿಬಿಡೋಣ" ಅಂದ. ಹುಬ್ಬಳ್ಳಿಯಲ್ಲಿ ಯಾರನ್ನೋ ವಿಚಾರಿಸಿಯೂ ಆಗಿತ್ತು. ಅವ್ವ ಮಾತೇ ಆಡಲಿಲ್ಲ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಬೆಲ್ಟ್ ಕಟ್ಟಿಕೊಂಡು ಕಾರಿಡಾರಿನಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದವಳು ಮರುದಿನದಿಂದ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಯಾಕವ್ವಾ ಅಂತ ಕೇಳಿದರೆ, "ನಡದ್ರ ಇನ್ನೂ ಬಾಗ್ತದಂತ ನೀನ ಗೆರಿ ಹಾಕಿ ತೋರ್ಸೀಯಲ್ಲ. ನಮ್ಮ ಅತ್ತಿ ಗತೆ ನನ್ನ ಬೆನ್ನೂ ಗೂನ ಆಗ್ತದೇನವಾ?" ಅಂದಳು. ನಮ್ಮ ಅಜ್ಜಿಯ ಬೆನ್ನು ಕೊನೆಗಾಲಕ್ಕೆ ಪೂರ್ತಿ ಬಾಗಿತ್ತು. ಮುಖ ಎತ್ತಿ ಮಾತಾಡಿಸಲು ಆಗುತ್ತಿರಲಿಲ್ಲ. ಅವ್ವ ಎರಡು ವಾರ ಅದನ್ನೇ ಯೋಚಿಸುತ್ತಾ ಮಲಗಿದ್ದಳು. ಕೆಲವು ಮುರಿತಗಳಲ್ಲಿ ಡಾಕ್ಟರೇ ಮಲಗಿರಲು ಹೇಳುತ್ತಾರೆ, ಅದು ಬೇರೆ ಮಾತು. ಇವಳಿಗೆ ನಡೆಯಿರಿ ಅಂತ ಹೇಳಿದ್ದರು. ಮಲಗಿಸಿದ್ದು ನನ್ನ ಗ್ರಾಫು.

ಎರಡು ವಾರದ ನಂತರ ಸರ್ಜನ್ ಹತ್ತಿರ ಹೋದೆವು. ನಾನು ಲ್ಯಾಪ್‌ಟಾಪ್ ತೆರೆದು ಗ್ರಾಫು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. "ಗೆರೆ ಸರಿ ಇದೆ. ಈ 14 ಯಾವುದರ ಅಳತೆ? ಈ 20 ಯಾವುದರ ಅಳತೆ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಯೂನಿಟ್ ಇಲ್ಲದ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಡೇಟಾ ತಂದರೆ ನಾನೇ ವಾಪಸ್ ಕಳಿಸುತ್ತೇನೆ. ಅವ್ವನ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಹೊಳೆದಿರಲಿಲ್ಲ.

ಅವತ್ತು ಅವರು ತೋರಿಸಿದ್ದನ್ನೂ, ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್ ನೆನಪಿಸಿಕೊಳ್ಳಿ. ಒಂದೊಂದು ಡಬ್ಬಿ ಒಂದೊಂದು ಮಣಿ. ಡಬ್ಬಿಗಳ ನಡುವೆ ಮೆತ್ತನೆಯ ರಬ್ಬರ್ ವಾಷರ್ ಇದೆ ಅಂದುಕೊಳ್ಳಿ, ಅದೇ ಡಿಸ್ಕ್. ನಡುವಿನ ಡಬ್ಬಿ ಮುಂದಿನ ಬದಿಯಲ್ಲಿ ನಜ್ಜಾಗಿದೆ. ಆಗ ಅದರ ಮೇಲಿನ ಡಬ್ಬಿ ಮುಂದಕ್ಕೆ ವಾಲುತ್ತದೆ. ಎಷ್ಟು ವಾಲಿದೆ ಅಂತ ಹೇಗೆ ಅಳೆಯುತ್ತೀರಿ?

ಒಂದು ದಾರಿ, ನಜ್ಜಾದ ಡಬ್ಬಿಯನ್ನಷ್ಟೇ ನೋಡುವುದು. ಅದರ ಮೇಲಂಚಿಗೆ ಒಂದು ಗೆರೆ, ತಳಕ್ಕೆ ಒಂದು ಗೆರೆ, ಎರಡರ ನಡುವಿನ ಕೋನ. ಇದು ಬೆಣೆಯ ಕೋನ, ಮೂಳೆ ಎಷ್ಟು ಕುಸಿದಿದೆ ಅಂತ ಹೇಳುತ್ತದೆ. ಇನ್ನೊಂದು ದಾರಿ, ನಜ್ಜಾದದ್ದನ್ನು ಬಿಟ್ಟು ಅಕ್ಕಪಕ್ಕದ ಸರಿಯಾದ ಡಬ್ಬಿಗಳನ್ನು ಹಿಡಿಯುವುದು. ಮೇಲಿನ ಡಬ್ಬಿಯ ಮೇಲಂಚಿಗೆ ಒಂದು ಗೆರೆ, ಕೆಳಗಿನ ಡಬ್ಬಿಯ ತಳಕ್ಕೆ ಒಂದು ಗೆರೆ. ಇದು ಕಾಬ್ ಕೋನ. ಮೂರನೆಯ ದಾರಿಯೂ ಇದೆ, ಮೇಲಿನ ಡಬ್ಬಿಯ ಮೇಲಂಚಿನಿಂದ ನಜ್ಜಾದ ಡಬ್ಬಿಯ ತಳದವರೆಗೆ. ಒಂದೇ ಕ್ಯಾರಿಯರ್, ಒಂದೇ ಫೋಟೋ, ಮೂರು ಬೇರೆ ಬೇರೆ ಸಂಖ್ಯೆ. ಮೂರೂ ಸರಿಯೇ. ಆದರೆ ಇವತ್ತು ಒಂದನ್ನು, ನಾಳೆ ಇನ್ನೊಂದನ್ನು ಅಳೆದು ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಜಾನ್ ರಾಬರ್ಟ್ ಕಾಬ್ ಎಂಬುವರು ಅಮೆರಿಕದ ನ್ಯೂಯಾರ್ಕಿನಲ್ಲಿದ್ದ ಮೂಳೆ ತಜ್ಞರು. 1948ರಲ್ಲಿ ಈ ವಿಧಾನವನ್ನು ಬರೆದರು. ಅವರು ಇದನ್ನು ತಂದದ್ದು ಮುರಿತಕ್ಕಾಗಿ ಅಲ್ಲ, ಮಕ್ಕಳಲ್ಲಿ ಬೆನ್ನು ಪಕ್ಕಕ್ಕೆ ವಾಲುವ ಸ್ಕೋಲಿಯೋಸಿಸ್‌ಗಾಗಿ. ಅಲ್ಲಿ ಮುಂದಿನಿಂದ ತೆಗೆದ ಎಕ್ಸ್-ರೇ ನೋಡುತ್ತಿದ್ದರು. ಮುಂದೆ ಅದೇ ಉಪಾಯವನ್ನು ಪಕ್ಕದಿಂದ ತೆಗೆದ ಎಕ್ಸ್-ರೇಗೆ ಹಚ್ಚಿ, ಮುರಿತದ ನಂತರ ಬೆನ್ನು ಮುಂದಕ್ಕೆ ಎಷ್ಟು ಬಾಗಿದೆ ಅಂತ ಅಳೆಯಲು ಶುರುಮಾಡಿದರು. ಆಗ ಕಂಪ್ಯೂಟರ್ ಇರಲಿಲ್ಲ, ಫಿಲ್ಮಿನ ಮೇಲೆ ಪೆನ್ಸಿಲ್, ಸ್ಕೇಲು, ಕೋನಮಾಪಕ. ಎರಡು ಗೆರೆಗಳು ಹೆಚ್ಚುಕಮ್ಮಿ ಸಮಾನಾಂತರ ಇದ್ದರೆ ಅವು ಕೂಡುವ ಜಾಗ ಫಿಲ್ಮಿನಿಂದ ಎಷ್ಟೋ ಆಚೆ ಹೋಗುತ್ತದೆ. ಅದಕ್ಕೆ ಪ್ರತಿ ಗೆರೆಗೂ ಒಂದೊಂದು ಲಂಬ ಎಳೆದು, ಆ ಲಂಬಗಳು ಫಿಲ್ಮಿನ ಮೇಲೆಯೇ ದಾಟುವಂತೆ ಮಾಡಿ ಅಲ್ಲಿ ಅಳೆದರು. ಕೋನ ಅದೇ ಬರುತ್ತದೆ. ನಾವೆಲ್ಲ ಹೈಸ್ಕೂಲಿನಲ್ಲಿ ಬೈದುಕೊಂಡು ಕಲಿತ ರೇಖಾಗಣಿತವೇ ಇದು.

ಬೆನ್ನಿನ ಮುರಿತದ ತಜ್ಞರ ಒಂದು ಅಂತರರಾಷ್ಟ್ರೀಯ ಗುಂಪು, ಸ್ಪೈನ್ ಟ್ರಾಮಾ ಸ್ಟಡಿ ಗ್ರೂಪ್, 2006ರಲ್ಲಿ ಇದ್ದಬದ್ದ ಅಳತೆಗಳನ್ನೆಲ್ಲ ಪರಿಶೀಲಿಸಿ, ಬಾಗನ್ನು ಅಳೆಯಲು ಕಾಬ್ ಕೋನವನ್ನೇ ಬಳಸೋಣ ಅಂತ ಸಲಹೆ ಕೊಟ್ಟಿತು. ಇದರಲ್ಲಿ ಒಂದು ಅನುಕೂಲ ಇದೆ. ಮುರಿದ ಮಣಿಯ ಅಂಚು ಒಡೆದು ಏರುಪೇರಾಗಿರುತ್ತದೆ, ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಕಷ್ಟ. ಅಕ್ಕಪಕ್ಕದ ಮಣಿಗಳ ಅಂಚು ಸ್ವಚ್ಛವಾಗಿ ಕಾಣುತ್ತದೆ. ಇನ್ನೂ ಒಂದು ವಿಷಯ, ಮುರಿತದ ನಂತರದ ತಿಂಗಳುಗಳಲ್ಲಿ ಮೂಳೆ ಕೂಡಿಕೊಂಡರೂ ಅದರ ಪಕ್ಕದ ಡಿಸ್ಕ್ ಕುಸಿಯಬಹುದು. ಬೆಣೆಯ ಕೋನದಲ್ಲಿ ಅದು ಕಾಣುವುದೇ ಇಲ್ಲ. ಕಾಬ್ ಕೋನದಲ್ಲಿ ಡಿಸ್ಕ್ ಕೂಡ ಲೆಕ್ಕಕ್ಕೆ ಸೇರುತ್ತದೆ.

ಕೋನದ ಜೊತೆಗೆ ಎತ್ತರವನ್ನೂ ಅಳೆಯುತ್ತಾರೆ. ಮುರಿಯುವ ಮುಂಚೆ ಆ ಮಣಿ ಎಷ್ಟು ಎತ್ತರ ಇತ್ತು ಅಂತ ಯಾರಿಗೆ ಗೊತ್ತು? ಅದಕ್ಕೆ ಮೇಲಿನ, ಕೆಳಗಿನ ಮಣಿಗಳ ಮುಂಭಾಗದ ಎತ್ತರ ಅಳೆದು ಸರಾಸರಿ ತೆಗೆಯುತ್ತಾರೆ. ಅವ್ವನದು ಮೇಲಿನದು 26 ಮಿ.ಮೀ., ಕೆಳಗಿನದು 28, ಸರಾಸರಿ 27. ಮುರಿದದ್ದು 18. ಮೂರರಲ್ಲಿ ಒಂದು ಪಾಲು, ಅಂದರೆ ಶೇ 33ರಷ್ಟು ಹೋಗಿದೆ. ಚಿತ್ರ ದೊಡ್ಡದಾಗಲಿ ಸಣ್ಣದಾಗಲಿ ಈ ಶೇಕಡಾ ಬದಲಾಗುವುದಿಲ್ಲ, ಕೋನವೂ ಬದಲಾಗುವುದಿಲ್ಲ. ಬದಲಾಗುವುದು ಯಾವಾಗ ಅಂದರೆ ನಾವು ಫಿಲ್ಮನ್ನು ಕಿಟಕಿಗೆ ಹಿಡಿದು, ಮೊಬೈಲನ್ನು ಓರೆ ಮಾಡಿ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದಾಗ. ಓರೆಯಾಗಿ ತೆಗೆದ ಫೋಟೋದಲ್ಲಿ ಚಿತ್ರ ಒಂದು ಬದಿಗೆ ಕುಗ್ಗಿರುತ್ತದೆ, ಕೋನವೇ ಬೇರೆಯಾಗುತ್ತದೆ. ಇಮೇಜ್ ಪ್ರೊಸೆಸಿಂಗ್ ಓದಿದ ನಾನೇ ಅಣ್ಣನಿಗೆ ಅಂಥ ಫೋಟೋ ಕಳಿಸಿದ್ದೆ. ದೂರದ ಡಾಕ್ಟರಿಗೆ ತೋರಿಸಬೇಕಾದರೆ ಆಸ್ಪತ್ರೆಯಿಂದ ಸಿಡಿ ಅಥವಾ ಲಿಂಕ್ ಕೇಳಿ ಪಡೆದು, ಮೂಲ ಫೈಲನ್ನೇ ಕಳಿಸಿ.

ಮೂಳೆಯ ಜಾಗವೂ ಮುಖ್ಯ. ನಮ್ಮ ಬೆನ್ನು ನೇರ ಕೋಲಲ್ಲ. ಎದೆಯ ಹಿಂದೆ ಸ್ವಲ್ಪ ಗೂನು, ಸೊಂಟದಲ್ಲಿ ಒಳಕ್ಕೆ ಬಾಗು, ನಡುವಿನ ಸಂದಿ ಸುಮಾರಾಗಿ ನೇರ. 1990ರಲ್ಲಿ ಫಾರ್ಸಿ ಮತ್ತು ಸಂಗಡಿಗರು ಇದಕ್ಕೆ ಒಂದು ಲೆಕ್ಕ ಸೂಚಿಸಿದರು. ಪ್ರತಿ ಹಂತದ ಸಹಜ ಬಾಗು ಎದೆಯಲ್ಲಿ ಮುಂದಕ್ಕೆ 5 ಡಿಗ್ರಿ, ಸಂದಿಯಲ್ಲಿ 0, ಸೊಂಟದಲ್ಲಿ ಹಿಂದಕ್ಕೆ 10 ಅಂತ ಹಿಡಿದು, ಅಳೆದ ಕೋನದಿಂದ ಅದನ್ನು ಕಳೆಯಬೇಕು. ಹಾಗೆ ನೋಡಿದರೆ ಸೊಂಟದ ಮಧ್ಯದಲ್ಲಿ 10 ಡಿಗ್ರಿ ಮುಂದಕ್ಕೆ ಬಾಗಿದ್ದರೆ ನಿಜವಾದ ನಷ್ಟ 20. ಎದೆಯ ಭಾಗದಲ್ಲಿ ಅದೇ 10 ಇದ್ದರೆ ನಷ್ಟ 5 ಮಾತ್ರ. ಪಕ್ಕದ ಮನೆಯವರಿಗೆ 10 ಡಿಗ್ರಿಗೆ ಏನು ಮಾಡಿದರು ಅಂತ ಕೇಳಿ ನಮ್ಮ ಮನೆಯಲ್ಲಿ ತೀರ್ಮಾನ ಮಾಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು, ಮಲಗಿದ್ದು ಮತ್ತು ನಿಂತದ್ದು. ಮೊದಲ ದಿನ ಕ್ಯಾಶುವಲ್ಟಿಯಲ್ಲಿ ಅವ್ವನನ್ನು ಮಲಗಿಸಿಯೇ ಎಕ್ಸ್-ರೇ ತೆಗೆದಿದ್ದರು, ಹಾಗೇ ತೆಗೆಯಬೇಕು. ಮುರಿತ ಎಂಥದು ಅಂತ ಗೊತ್ತಾಗುವ ಮುಂಚೆ ಯಾರನ್ನೂ ನಿಲ್ಲಿಸಬಾರದು. ಆದರೆ ಮಲಗಿದಾಗ ಮೈಭಾರ ಬೆನ್ನಿನ ಮೇಲೆ ಇರುವುದಿಲ್ಲ. ನಿಂತಾಗ ತಲೆ, ತೋಳು, ಎದೆಯ ಭಾರವೆಲ್ಲ ಆ ನಜ್ಜಾದ ಡಬ್ಬಿಯ ಮೇಲೆ ಬೀಳುತ್ತದೆ, ಕೋನ ಹೆಚ್ಚುತ್ತದೆ. ಅದಕ್ಕೇ ಆಪರೇಷನ್ ಇಲ್ಲದೆ ನೋಡಿಕೊಳ್ಳುವ ರೋಗಿಯನ್ನು ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಬೆಲ್ಟ್ ಹಾಕಿಸಿ ನಿಲ್ಲಿಸಿ ಇನ್ನೊಂದು ಎಕ್ಸ್-ರೇ ತೆಗೆಯುತ್ತಾರೆ. ನಿಂತಾಗ ತುಂಬಾ ಬಾಗಿದರೆ ಚಿಕಿತ್ಸೆಯ ತೀರ್ಮಾನವೇ ಬದಲಾಗಬಹುದು. ಅವ್ವನಿಗೂ ನಾಲ್ಕನೇ ದಿನ ಅಂಥ ಎಕ್ಸ್-ರೇ ತೆಗೆದಿದ್ದರು. ಸರ್ಜನ್ ನೋಡಿ "ಪರವಾಗಿಲ್ಲ" ಅಂದಿದ್ದರು. ಅದರ ಮೇಲೆ ಸಂಖ್ಯೆ ಬರೆದಿರಲಿಲ್ಲ, ಹಾಗಾಗಿ ನನ್ನ ಎಕ್ಸೆಲ್‌ನಲ್ಲಿ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ.

ಈಗ ಸರ್ಜನ್ ಮೂರೂ ಎಕ್ಸ್-ರೇಗಳನ್ನು ಸ್ಕ್ರೀನಿನ ಮೇಲೆ ಸಾಲಾಗಿ ತೆರೆದರು. ಮೂರಕ್ಕೂ ಒಂದೇ ರೀತಿ, ಟಿ12ರ ಮೇಲಂಚಿನಿಂದ ಎಲ್2ರ ಕೆಳಂಚಿಗೆ ಕಾಬ್ ಕೋನ ಎಳೆದರು. ಮೊದಲ ದಿನ ಮಲಗಿದಾಗ 11. ನಾಲ್ಕನೇ ದಿನ ಬೆಲ್ಟ್ ಹಾಕಿ ನಿಂತಾಗ 17. ಆರು ವಾರಕ್ಕೆ ಬೆಲ್ಟ್ ಹಾಕಿ ನಿಂತಾಗ 20. ಹಾಗಾದರೆ ನನ್ನ 14? ಅದು ಮುರಿದ ಮಣಿಯ ಬೆಣೆಯ ಕೋನ, ಅದೂ ಮಲಗಿದಾಗಿನದು. ಅಂದರೆ ನಾನು ಮಲಗಿದವಳ ಒಂದು ಡಬ್ಬಿಯ ಅಳತೆಯನ್ನು, ನಿಂತವಳ ಮೂರು ಡಬ್ಬಿಯ ಅಳತೆಗೆ ಗೆರೆ ಹಾಕಿ ಜೋಡಿಸಿದ್ದೆ. ಹೋಲಿಸಬೇಕಾದದ್ದು 17 ಮತ್ತು 20.

"ಆದರೂ ಮೂರು ಡಿಗ್ರಿ ಹೆಚ್ಚಾಗಿದೆಯಲ್ಲ?" ಅಂದೆ. ಆಗ ಅವರು ಮೌಸನ್ನು ನನ್ನ ಕೈಗೆ ಕೊಟ್ಟು, ಆರು ವಾರದ ಚಿತ್ರವನ್ನು ನೀವೇ ಅಳೆಯಿರಿ ಅಂದರು. ಅಳೆದೆ, 18 ಬಂತು. ಗೆರೆ ಅಳಿಸಿ ಮತ್ತೆ ಅಳೆದೆ, 21. ಮೂರನೇ ಸಲ 20. ಒಂದೇ ಚಿತ್ರ, ಒಂದೇ ಕೈ, ಐದು ನಿಮಿಷದೊಳಗೆ ಮೂರು ಡಿಗ್ರಿ ವ್ಯತ್ಯಾಸ. ಮಣಿಯ ಅಂಚು ಸ್ಕೇಲಿನಂತೆ ನೇರ ಇರುವುದಿಲ್ಲ. ಗೆರೆಯ ತುದಿ ಕೂದಲೆಳೆಯಷ್ಟು ಆಚೀಚೆ ಆದರೂ ಕೋನ ಬದಲಾಗುತ್ತದೆ. ರೋಗಿ ಸ್ವಲ್ಪ ತಿರುಗಿ ನಿಂತರೂ ಬದಲಾಗುತ್ತದೆ. ಅನುಭವಿ ಡಾಕ್ಟರುಗಳ ನಡುವೆಯೂ ಮೂರರಿಂದ ಐದು ಡಿಗ್ರಿ ಅಂತರ ಸಾಮಾನ್ಯ. ಅದಕ್ಕೇ ಐದು ಡಿಗ್ರಿಯೊಳಗಿನ ಬದಲಾವಣೆಯನ್ನು ನಿಜವಾಗಿ ಬಾಗಿದೆ ಅಂತ ಸುಲಭವಾಗಿ ಒಪ್ಪುವುದಿಲ್ಲ. ಈಗ ಕಂಪ್ಯೂಟರಿನಲ್ಲಿ ಅಳೆಯುತ್ತಾರೆ, ಸ್ಮಾರ್ಟ್‌ಫೋನ್ ಹಿಡಿದು ಅಳೆಯುವುದನ್ನೂ ಪರೀಕ್ಷಿಸಿದ್ದಾರೆ. ಕಂಪ್ಯೂಟರ್ 19.7 ಅಂತ ದಶಾಂಶ ಸಮೇತ ತೋರಿಸುತ್ತದೆ. ಆ ದಶಾಂಶ ನೋಡಿ ನಾವು ಮೋಸ ಹೋಗಬಾರದು. ಗೆರೆ ಎಲ್ಲಿಡಬೇಕು ಅನ್ನುವ ಅನುಮಾನ ಅದರ ಹಿಂದೆ ಹಾಗೇ ಇರುತ್ತದೆ.

ಹಾಗಾದರೆ ಎಷ್ಟು ಡಿಗ್ರಿಗೆ ಆಪರೇಷನ್? ಅಣ್ಣ ಫೋನಿನಲ್ಲಿ ಪದೇ ಪದೇ ಕೇಳುತ್ತಿದ್ದದ್ದು ಇದನ್ನೇ. ಎತ್ತರ ಅರ್ಧಕ್ಕಿಂತ ಹೆಚ್ಚು ಕುಸಿದರೆ, ಕೋನ 25-30 ಡಿಗ್ರಿ ದಾಟಿದರೆ ಎಚ್ಚರ ಅಂತ ಹಿಂದಿನಿಂದ ಬಂದ ಮಾತುಗಳಿವೆ. ಆದರೆ ಕೋನ ಒಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ. 1983ರಲ್ಲಿ ಫ್ರಾನ್ಸಿಸ್ ಡೆನಿಸ್ ಎಂಬ ಸರ್ಜನ್ ಬೆನ್ನುಮೂಳೆಯನ್ನು ಮುಂದಿನ, ನಡುವಿನ, ಹಿಂದಿನ ಮೂರು ಕಂಬಗಳಾಗಿ ನೋಡಬೇಕು ಅಂದರು. ಅವ್ವನಿಗೆ ಪೆಟ್ಟು ಬಿದ್ದದ್ದು ಮುಂದಿನ ಕಂಬಕ್ಕೆ ಮಾತ್ರ. 2005ರಲ್ಲಿ ಬಂದ ಒಂದು ಅಂಕಪಟ್ಟಿ ಇದೆ, ಟಿಎಲ್‌ಐಸಿಎಸ್ ಅಂತ. ಅದು ಮೂರು ಪ್ರಶ್ನೆ ಕೇಳುತ್ತದೆ. ಮುರಿತದ ರೂಪ ಎಂಥದು? ಹಿಂಭಾಗದಲ್ಲಿ ಮಣಿಗಳನ್ನು ಬಿಗಿದು ಕಟ್ಟಿರುವ ಲಿಗಮೆಂಟುಗಳು ಗಟ್ಟಿ ಇವೆಯೋ, ಹರಿದಿವೆಯೋ? ನರಕ್ಕೆ ಪೆಟ್ಟಾಗಿದೆಯೋ? ಒಟ್ಟು 3 ಅಥವಾ ಕಡಿಮೆ ಬಂದರೆ ಸಾಮಾನ್ಯವಾಗಿ ಆಪರೇಷನ್ ಇಲ್ಲದ ದಾರಿ, 5 ಅಥವಾ ಹೆಚ್ಚು ಬಂದರೆ ಆಪರೇಷನ್, 4 ಬಂದರೆ ಸರ್ಜನ್ ವಿವೇಚನೆ. ಗಮನಿಸಿ, ಇದರಲ್ಲಿ ಡಿಗ್ರಿಗೆ ಅಂತ ಬೇರೆ ಅಂಕವೇ ಇಲ್ಲ. ಅವ್ವನ ಒಟ್ಟು ಅಂಕ 1. ಮೊದಲ ದಿನವೇ ಎಂಆರ್‌ಐ ಮಾಡಿಸಿದ್ದು ಆ ಲಿಗಮೆಂಟುಗಳನ್ನು ನೋಡಲಿಕ್ಕೆ ಅಂತ ನನಗೆ ಆಗ ಅರ್ಥವಾಯಿತು.

ಕೋನ ಬೇಡವೇ ಬೇಡ ಅಂತ ಅಲ್ಲ. ಕೋನ ವಾರದಿಂದ ವಾರಕ್ಕೆ ನಿಜವಾಗಿಯೂ ಏರುತ್ತಾ ಹೋದರೆ, ಹಿಂಭಾಗದ ಲಿಗಮೆಂಟು ಹರಿದಿರಬಹುದು, ಮೂಳೆ ಕೂಡುತ್ತಿಲ್ಲದಿರಬಹುದು ಅಂತ ಅದೇ ಮೊದಲು ತಿಳಿಸುತ್ತದೆ. ತುಂಬಾ ಬಾಗಿದ ಬೆನ್ನನ್ನು ತಡವಾಗಿ ಸರಿಪಡಿಸುವ ಆಪರೇಷನ್ ದೊಡ್ಡದು. ಅದಕ್ಕೇ ಅಳೆಯುತ್ತಾರೆ, ಮತ್ತೆ ಮತ್ತೆ ಅಳೆಯುತ್ತಾರೆ. ಆದರೆ ಕೋನಕ್ಕೂ ನೋವಿಗೂ ನೇರ ಲೆಕ್ಕ ಇಲ್ಲ. ಅಮೆರಿಕದಲ್ಲಿ ವುಡ್ ಮತ್ತು ಸಂಗಡಿಗರು ಅವ್ವನದಕ್ಕಿಂತ ದೊಡ್ಡ ಮುರಿತ ಆಗಿದ್ದ, ಆದರೆ ನರಕ್ಕೆ ಪೆಟ್ಟಾಗದ, ಬೆನ್ನು ಸ್ಥಿರವಾಗಿದ್ದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಪ್ಲಾಸ್ಟರ್ ಅಥವಾ ಬೆಲ್ಟ್ ಕೊಟ್ಟು ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆಪರೇಷನ್ನಿನಿಂದ ದೂರದ ಲಾಭ ಹೆಚ್ಚೇನೂ ಕಾಣಲಿಲ್ಲ. ಎಲ್ಲರಿಗೂ ಆಪರೇಷನ್ ಬೇಡ ಅಂತ ಇದರ ಅರ್ಥ ಅಲ್ಲ. ಬೇಕಾದವರಿಗೆ ಬೇಕೇ ಬೇಕು. ಯಾರಿಗೆ ಬೇಕು ಅನ್ನುವುದನ್ನು ಹೇಳಬೇಕಾದವರು ಡಾಕ್ಟರು, ನನ್ನಂಥವರ ಎಕ್ಸೆಲ್ ಅಲ್ಲ.

ಸರ್ಜನ್ ಇನ್ನೊಂದು ಮಾತು ಹೇಳಿದರು, ಅದು ಇಲ್ಲಿರುವ ನಮಗೆಲ್ಲ ಬೇಕಾದದ್ದು. ಅದೇ ಬಸ್ಸಿನ ಅದೇ ಸಾಲಿನಲ್ಲಿ ಬೇರೆಯವರೂ ಕೂತಿದ್ದರು, ಅವ್ವನ ಮೂಳೆಯೇ ಯಾಕೆ ಮುರಿಯಿತು? ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಟಿ-ಸ್ಕೋರ್ ಅಂತ ಬರುತ್ತದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಅವ್ವನದು ಅದಕ್ಕಿಂತ ಕೆಳಗಿತ್ತು. ಆ ಚಿಕಿತ್ಸೆ ಶುರುವಾಗದಿದ್ದರೆ ಇನ್ನೊಂದು ಮಣಿಯೂ ಮುರಿಯಬಹುದಿತ್ತು. ಆರು ಡಿಗ್ರಿಯ ಗಾಬರಿಯಲ್ಲಿ ನಾನು ಇದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಇಂಥದು ಬಾರದಿರಲಿ. ಬಂದರೆ ರಿಪೋರ್ಟಿನ ಸಂಖ್ಯೆ ನೋಡಿ ಹೆದರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಮಲಗಿಸಿ ತೆಗೆದದ್ದೋ, ನಿಲ್ಲಿಸಿ ತೆಗೆದದ್ದೋ, ಬೆಲ್ಟ್ ಇತ್ತೋ ಇಲ್ಲವೋ? ಯಾವ ಮಣಿಯ ಯಾವ ಅಂಚಿನಿಂದ ಯಾವ ಅಂಚಿಗೆ ಅಳೆದರು? ಹಳೆಯ ಎಕ್ಸ್-ರೇಯನ್ನೂ ಇದೇ ರೀತಿ ಅಳೆದರೆ ಎಷ್ಟು ಬರುತ್ತದೆ? ವ್ಯತ್ಯಾಸ ಐದು ಡಿಗ್ರಿಗಿಂತ ಹೆಚ್ಚಿದೆಯೋ? ಮೊದಲ ದಿನದ ಫಿಲ್ಮು, ಸಿಡಿ ಎಂದೂ ಎಸೆಯಬೇಡಿ. ಆಗುವುದಾದರೆ ಪ್ರತಿ ಸಲ ಒಂದೇ ಕಡೆ ತೆಗೆಸಿ. ಇನ್ನೊಂದು, ಕಾಲಿನ ಶಕ್ತಿ ಕುಂದಿದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಯಾವ ಸಂಖ್ಯೆಯನ್ನೂ ನೋಡುತ್ತಾ ಕೂರಬೇಡಿ, ಅಪಾಯಿಂಟ್‌ಮೆಂಟಿಗೂ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಕೂರಿಸಲೂ ಬೇಡಿ. ಅಲುಗಾಡಿಸದೆ ಆಂಬ್ಯುಲೆನ್ಸ್ ಕರೆಸಿ.

ಅವತ್ತು ಸರ್ಜನ್ ಕೊಠಡಿಯಿಂದ ಹೊರಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು. "ಹಂಗಾರ ನಾ ನಡೀಬಹುದು?" ನಡೆಯಬಹುದು ಅಂದೆ. ಪಾರ್ಕಿಂಗ್‌ವರೆಗೆ ನನ್ನ ಕೈ ಹಿಡಿಯದೆ ನಡೆದಳು. ಎರಡು ವಾರ ಮಲಗಿದ್ದಕ್ಕೆ ಕಾಲು ನಡುಗುತ್ತಿದ್ದವು. ಆ ನಡುಕ ನೋಡಿದಾಗ ಆದ ಸಂಕಟ ನನಗೆ ಈಗಲೂ ಹೋಗಿಲ್ಲ.

ಒಂದು ವರ್ಷದ ಎಕ್ಸ್-ರೇಯಲ್ಲಿ ಕೋನ 21. ಈಗ ಹುಬ್ಬಳ್ಳಿಯಲ್ಲಿದ್ದಾಳೆ. ನೆಲದ ಮೇಲೆ ಕೂರುವುದು ಬಿಟ್ಟು, ಕಟ್ಟೆಯ ಮುಂದೆ ಎತ್ತರದ ಸ್ಟೂಲ್ ಹಾಕಿಕೊಂಡು ರೊಟ್ಟಿ ಬಡಿಯುತ್ತಾಳೆ. ಬಹಳ ಹೊತ್ತು ನಿಂತರೆ ನೋವು ಬರುತ್ತದೆ, ಅದು ಇರುತ್ತದೆ ಅಂತ ಡಾಕ್ಟರೂ ಹೇಳಿದ್ದಾರೆ. ದಿನಾ ಸಂಜೆ ಫೋನ್ ಮಾಡುತ್ತಾಳೆ. ನಾನೀಗ ಡಿಗ್ರಿ ಕೇಳುವುದಿಲ್ಲ, ಇವತ್ತು ಎಷ್ಟು ದೂರ ನಡೆದೆ ಅಂತ ಕೇಳುತ್ತೇನೆ. ಪುಣೆಗೆ ಬರುವುದಾದರೆ ರೈಲಿನಲ್ಲಿ, ಕೆಳಗಿನ ಬರ್ತಿನಲ್ಲಿ ಮಾತ್ರ.

ಮನೆಯಲ್ಲಿ ಹಳೆಯ ಎಕ್ಸ್-ರೇ ಎಲ್ಲಿದೆ ಅಂತ ಹೋದ ತಕ್ಷಣ ಒಂದು ಸಲ ನೋಡಿಕೊಳ್ಳಿ.